ಪುಕ್ಕಟೆ ಟಿಕೆಟ್ಟಿನ ಪುರಾಣ

ಹೆಣ್ಣುಮಕ್ಕಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವುದು ನಮ್ಮಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಈಗ ತವರೇ ಗಂಟುಮೂಟೆ ಕಟ್ಟಿಕೊಂಡು ಮಗಳ ಬಳಿಗೆ ಹೊರಡಬೇಕಾದ ಕಾಲ ಬಂದಿದೆ. ಬಸವನಗುಡಿಯಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ ಯಾವ ಬೀದಿಯಲ್ಲಿ ನಿಂತರೂ ಟೊರಾಂಟೋ, ಸಿಯಾಟಲ್, ಮೆಲ್ಬೋರ್ನ್ ಎಂಬ ಊರುಗಳ ಹೆಸರನ್ನು ತುಮಕೂರು ತಿಪಟೂರುಗಳಷ್ಟೇ ನಿರಾಯಾಸವಾಗಿ ಉಚ್ಚರಿಸುವ ಅಜ್ಜಿಯರು ಸಿಗುತ್ತಾರೆ. ಹೋಗಿಬರುವ ಕಷ್ಟವನ್ನು ಮಾತ್ರ ಅವರು ಯಾರೊಡನೆಯೂ ಹೇಳಿಕೊಳ್ಳುವುದಿಲ್ಲ. ಇಪ್ಪತ್ತು ಗಂಟೆಗಳಿಗೂ ಮೀರಿದ ಪ್ರಯಾಣದಲ್ಲಿ ಮಡಿಸಿದ ಕಾಲನ್ನು ಬಿಡಿಸಲಾರದೆ ಕುಳಿತುಹೋದವರ ಪಾಡು ಅವರಿಗೇ ಗೊತ್ತು.

2022ರ ಆಗಸ್ಟಿನಲ್ಲಿ ಟೊರಾಂಟೋದಿಂದ ನಮ್ಮ ಮಗಳು ಸಿಹಿಸುದ್ದಿ ತಿಳಿಸಿದಾಗ ನಮ್ಮ ಮನೆಯಲ್ಲಿ ಮೊದಲು ಎದ್ದ ಪ್ರಶ್ನೆಯೇ ಇದು. ನನ್ನ ಮನೆಯಾಕೆಗೆ ಎರಡು ಮಂಡಿಗಳೂ ನೋವು. ಹಿಂದಿನ ಸಲ ಹೋಗಿ ಬಂದಾಗ ಕಾಲು ಊದಿಕೊಂಡು ಒಂದು ವಾರ ನೆಲಕ್ಕೆ ಊರಲಾಗಿರಲಿಲ್ಲ. ಮಲಗಿಕೊಂಡು ಹೋಗಬಹುದಾದ ಬಿಸಿನೆಸ್ ದರ್ಜೆಯ ಟಿಕೆಟ್ಟಿನ ಬೆಲೆ ಕೇಳಿದರೆ, ಪಿಂಚಣಿದಾರನಾದ ನನಗೆ ಕುಳಿತಲ್ಲೇ ಬವಳಿ ಬರುವಂತಿತ್ತು. ಆಗ ಅಳಿಯಂದಿರು ದೂರವಾಣಿಯಲ್ಲಿ ನಕ್ಕು, “ನಿಮ್ಮ ಬ್ಯಾಂಕಿನ ಕಾರ್ಡಿನಲ್ಲಿ ಅಂಕಗಳು ರಾಶಿಬಿದ್ದಿವೆಯಲ್ಲ, ಅವನ್ನು ವಿಮಾನದ ಮೈಲಿಗಳಾಗಿ ಮಾಡಿಕೊಂಡರೆ ಅತ್ತೆಯವರು ಪುಕ್ಕಟೆ ಬರಬಹುದು” ಎಂದರು. ನೋಡಿದೆ. ಒಂಬತ್ತು ವರ್ಷಗಳ ದಿನಸಿ, ವಿದ್ಯುತ್ತಿನ ಬಿಲ್ಲು, ಮಗಳ ಮದುವೆಯ ಛತ್ರದ ಬಾಡಿಗೆ, ಎಲ್ಲವೂ ಸೇರಿ 1,92,000 ಅಂಕಗಳು ಕುಳಿತಿದ್ದವು. ತೆನೆ ಕೂಡಿ ಬಳ್ಳವಾಗಿತ್ತು. ಆದರೆ ಆ ಬಳ್ಳವನ್ನು ಯಾವ ಅಂಗಡಿಯಲ್ಲಿ ಅಳೆದು ಕೊಡಬೇಕು ಎಂಬುದೇ ಗೊತ್ತಿರಲಿಲ್ಲ. ಅದನ್ನು ಕಲಿಯುವುದಕ್ಕೆ ತೆತ್ತ ಶುಲ್ಕವೂ ಸಣ್ಣದಲ್ಲ. ಅದೇ ಪರಿಸ್ಥಿತಿಯಲ್ಲಿರುವ ವಾಚಕರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಈ ಮೈಲಿಗಳ ಹುಟ್ಟು ಅಮೆರಿಕದಲ್ಲಿ. ಅಲ್ಲಿನ ಸರ್ಕಾರ 1978ರಲ್ಲಿ ವಿಮಾನಯಾನದ ದರ ಮತ್ತು ಮಾರ್ಗಗಳ ಮೇಲಿದ್ದ ಕಟ್ಟುಪಾಡುಗಳನ್ನು ತೆಗೆದುಹಾಕಿತು. ಕಂಪನಿಗಳು ಒಂದರ ಗಿರಾಕಿಯನ್ನು ಒಂದು ಸೆಳೆಯತೊಡಗಿದವು. ಟೆಕ್ಸಸ್ ಇಂಟರ್‌ನ್ಯಾಷನಲ್ ಎಂಬ ಕಂಪನಿ 1979ರಲ್ಲಿ ಪ್ರಯಾಣಿಕರ ಮೈಲಿ ಲೆಕ್ಕ ಇಡುವ ಪದ್ಧತಿಯನ್ನು ಆರಂಭಿಸಿತು. 1981ರ ಮೇ ತಿಂಗಳಿನಲ್ಲಿ ಅಮೆರಿಕನ್ ಏರ್‌ಲೈನ್ಸ್ ಅದನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡಿತು. ಅದೇ ತಿಂಗಳಿನಲ್ಲಿ ಯುನೈಟೆಡ್ ಕೂಡ ಹಿಂಬಾಲಿಸಿತು. ಸಾಬೂನಿನ ಹೊದಿಕೆಗಳನ್ನು ಕೂಡಿಟ್ಟು ಕೊಟ್ಟರೆ ಒಂದು ಸ್ಟೀಲಿನ ಲೋಟ ಬರುತ್ತಿತ್ತಲ್ಲ, ಅದೇ ಉಪಾಯ. ಲೋಟದ ಬದಲು ವಿಮಾನದ ಆಸನ.

ಆದರೆ ಒಂದೇ ಕಂಪನಿಯ ವಿಮಾನ ಲೋಕದ ಎಲ್ಲ ಊರಿಗೂ ಹೋಗುವುದಿಲ್ಲ. ಆದುದರಿಂದ ಕಂಪನಿಗಳು ಕೂಟಗಳನ್ನು ಕಟ್ಟಿಕೊಂಡವು. 1997ರ ಮೇ ತಿಂಗಳಿನಲ್ಲಿ ಐದು ಕಂಪನಿಗಳು ಸೇರಿ ಸ್ಟಾರ್ ಅಲಯನ್ಸ್ ಆಯಿತು. 1999ರಲ್ಲಿ ಒನ್‌ವರ್ಲ್ಡ್, 2000ದಲ್ಲಿ ಸ್ಕೈಟೀಮ್ ಬಂದವು. ನಮ್ಮ ಏರ್ ಇಂಡಿಯಾ 2014ರ ಜುಲೈನಲ್ಲಿ ಸ್ಟಾರ್ ಅಲಯನ್ಸನ್ನು ಸೇರಿತು. ಕೂಟದ ಒಬ್ಬರ ಖಾತೆಯಲ್ಲಿ ಕೂಡಿಟ್ಟ ಮೈಲಿಗಳನ್ನು ಕೊಟ್ಟು ಇನ್ನೊಬ್ಬರ ವಿಮಾನದಲ್ಲಿ ಹೋಗಬಹುದೆಂಬುದೇ ಈ ಏರ್ಪಾಡಿನ ಸ್ವಾರಸ್ಯ. ಕೆನಡಾದ ಏರೋಪ್ಲಾನ್ ಯೋಜನೆಯ ಅಂಕಗಳಿಂದ ಜರ್ಮನಿಯ ಲುಫ್ತಾನ್ಸಾದಲ್ಲಿ ಹೋಗಬಹುದು. ಸಿಂಗಪುರದ ಕ್ರಿಸ್‌ಫ್ಲೈಯರ್ ಮೈಲಿಗಳಿಂದ ಏರ್ ಇಂಡಿಯಾದಲ್ಲಿ ಹೋಗಬಹುದು. ಹಾಗೆಂದು ಬರೆದಿರುವುದನ್ನು ಓದಿ ನಾನು ಹಿಗ್ಗಿಹೋದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಈ ವ್ಯವಹಾರಕ್ಕೆಂದೇ ಹುಟ್ಟಿದಂತಿದೆ. ವಿಮಾನದಲ್ಲಿ ಬಿಸಿನೆಸ್ ದರ್ಜೆಯ ಹತ್ತು ಆಸನಗಳು ಖಾಲಿ ಇವೆ ಎಂದಿಟ್ಟುಕೊಳ್ಳಿ. ಹತ್ತನ್ನೂ ಪಾಲುದಾರರಿಗೆ ಬಿಟ್ಟುಕೊಡುವ ಔದಾರ್ಯ ಯಾವ ಕಂಪನಿಗೂ ಇಲ್ಲ. ನೀವು ಒಂದು ಯೋಜನೆಗೆ ಮೈಲಿ ಕೊಟ್ಟಾಗ, ಆ ಯೋಜನೆ ವಿಮಾನ ಹಾರಿಸುವ ಕಂಪನಿಗೆ ಮೊದಲೇ ಒಪ್ಪಿಕೊಂಡ ಒಂದು ಮೊತ್ತವನ್ನು ಮಾತ್ರ ಕೊಡುತ್ತದೆ. ಅದು ಮಾರುಕಟ್ಟೆಯ ಬೆಲೆಗಿಂತ ಬಹಳ ಕಡಮೆ. ಆದುದರಿಂದ ಹಣ ಕೊಡುವ ಗಿರಾಕಿ ಬರಲಾರನೆಂದು ತೋರಿದ ಆಸನಗಳನ್ನಷ್ಟೇ ಪಾಲುದಾರರ ಬುಟ್ಟಿಗೆ ಹಾಕುತ್ತಾರೆ. ಸ್ಟಾರ್ ಅಲಯನ್ಸಿನಲ್ಲಿ ಈ ಬುಟ್ಟಿಗಳಿಗೆ ಒಂದೊಂದು ಅಕ್ಷರದ ಗುರುತುಂಟು: ಸಾಮಾನ್ಯ ದರ್ಜೆಗೆ ಎಕ್ಸ್, ಬಿಸಿನೆಸ್ಸಿಗೆ ಐ, ಪ್ರಥಮ ದರ್ಜೆಗೆ ಓ. ವಿಮಾನವೆಲ್ಲ ಖಾಲಿಯಿದ್ದರೂ ಐ ಎಂಬ ಬುಟ್ಟಿಯಲ್ಲಿ ಏನೂ ಇಲ್ಲದಿದ್ದರೆ ನಿಮ್ಮ ಕೋಟಿ ಮೈಲಿಗೂ ಬೆಲೆಯಿಲ್ಲ. ಸಿಂಗಪುರದವರಂತೂ ತಮ್ಮ ದೂರದ ಹಾರಾಟಗಳ ಬಿಸಿನೆಸ್ ಆಸನಗಳನ್ನು ಬಹುಮಟ್ಟಿಗೆ ತಮ್ಮ ಸ್ವಂತ ಸದಸ್ಯರಿಗೇ ಮೀಸಲಿಡುತ್ತಾರೆ. ಅಲ್ಲಿ ಪಾಲುದಾರ ನೆಂಟನೇ ಹೊರತು ಮನೆಮಗನಲ್ಲ.

ಈ ಬುಟ್ಟಿಗಳು ತುಂಬುವ ಕಾಲವೂ ವಿಚಿತ್ರವಾದುದು. ಪ್ರಯಾಣಕ್ಕೆ ಹನ್ನೊಂದು ಹನ್ನೆರಡು ತಿಂಗಳು ಮುಂಚೆ ಸ್ವಲ್ಪ ಆಸನಗಳು ಕಾಣಿಸಿಕೊಳ್ಳುತ್ತವೆ. ಆಮೇಲೆ ಬಹುಕಾಲ ಬರಗಾಲ. ಕೊನೆಯ ಎರಡು ವಾರಗಳಲ್ಲಿ ಮಾರಾಟವಾಗದೆ ಉಳಿದವು ಮತ್ತೆ ಹೊರಬೀಳುವುದುಂಟು. ಕೂಸಾದರೋ ಒಂಬತ್ತು ತಿಂಗಳ ಮುನ್ಸೂಚನೆ ಕೊಡುತ್ತದೆ, ಅದರಲ್ಲಿ ಮೊದಲ ಮೂರು ತಿಂಗಳು ನಮಗೆ ಹೇಳುವುದಿಲ್ಲ. ವಿಮಾನ ಕಂಪನಿ ಹನ್ನೊಂದು ತಿಂಗಳು ಕೇಳುತ್ತದೆ! ಈ ಎರಡು ಪಂಚಾಂಗಗಳನ್ನೂ ಹೊಂದಿಸುವ ಜೋಯಿಸರು ಇನ್ನೂ ಹುಟ್ಟಿಲ್ಲ.

ಇದೊಂದೂ ತಿಳಿಯದ ದಿನಗಳಲ್ಲಿ ನಾನು ಮಾಡಿದ ತಪ್ಪನ್ನು ಈಗ ಹೇಳಿಬಿಡುತ್ತೇನೆ. ಒಂದು ವಿದೇಶಿ ಯೋಜನೆಯ ಪುಟದಲ್ಲಿ, ಫೆಬ್ರವರಿಯ ಕೊನೆಯ ವಾರ ಬೆಂಗಳೂರಿನಿಂದ ಟೊರಾಂಟೋಗೆ ಬಿಸಿನೆಸ್ ದರ್ಜೆಯ ಒಂದು ಆಸನ ಕಂಡಿತು. ಡಾಕ್ಟರು ಹೇಳಿದ ದಿನ ಮಾರ್ಚ್ ಎರಡನೆಯ ವಾರ. ಅಂದಮೇಲೆ ಮುಹೂರ್ತವಿಟ್ಟಂತೆಯೇ ಇತ್ತು. ತಡಮಾಡಿದರೆ ಕೈತಪ್ಪೀತೆಂದು ಆ ರಾತ್ರಿಯೇ ಬ್ಯಾಂಕಿನ ಒಂದು ಲಕ್ಷ ಅಂಕಗಳನ್ನು ಆ ಯೋಜನೆಗೆ ವರ್ಗಾಯಿಸಿದೆ. ಅಂಕಗಳು ಅಲ್ಲಿಗೆ ತಲುಪಲು ನಾಲ್ಕು ದಿನ ಹಿಡಿಯಿತು. ತಲುಪಿದ ಮೇಲೆ ಟಿಕೆಟ್ಟಿಗೆ ಗುಂಡಿ ಒತ್ತಿದರೆ ‘ದೋಷ ಸಂಭವಿಸಿದೆ’ ಎಂಬ ಉತ್ತರ. ಮೂರು ಸಲ ಒತ್ತಿದೆ, ಮೂರು ಸಲವೂ ಅದೇ. ದೂರವಾಣಿ ಮಾಡಿ ಮುಕ್ಕಾಲು ಗಂಟೆ ಸಂಗೀತ ಕೇಳಿದ ಮೇಲೆ ಸಿಕ್ಕ ಗುಮಾಸ್ತೆ, “ಅಂಥ ಆಸನವೇ ಇಲ್ಲ, ಮಹಾಶಯರೇ, ನಿಮಗೆ ಕಾಣುತ್ತಿರುವುದು ಹಳೆಯ ಮಾಹಿತಿ” ಎಂದಳು. ಆ ಆಸನ ಪುಟದ ಮೇಲೆ ಇನ್ನೂ ಒಂದು ವಾರ ಹೊಳೆಯುತ್ತಲೇ ಇತ್ತು. ಪಂಚವಟಿಯ ಬಂಗಾರದ ಜಿಂಕೆಯನ್ನು ನಾನು ಕಣ್ಣಾರೆ ಕಂಡದ್ದು ಆಗಲೇ.

ಅಂಕಗಳನ್ನು ಬ್ಯಾಂಕಿಗೆ ಹಿಂದಿರುಗಿಸಬಹುದೆ? ಸಾಧ್ಯವಿಲ್ಲ. ಬ್ಯಾಂಕಿನಿಂದ ವಿಮಾನ ಯೋಜನೆಗೆ ಅಂಕ ಹೋಗುವ ದಾರಿ ಏಕಮುಖ ರಸ್ತೆ. ಒಮ್ಮೆ ದಾಟಿದರೆ ಅವು ಆ ಯೋಜನೆಯವು. ಸರಿಯಾಗಿ ಹೇಳಬೇಕೆಂದರೆ ಅಲ್ಲಿಯೂ ಅವು ನಿಮ್ಮವಲ್ಲ. ಯೋಜನೆಗಳ ನಿಬಂಧನೆಗಳನ್ನು ಓದಿದರೆ, ಅಂಕಗಳು ಸದಸ್ಯನ ಸ್ವತ್ತಲ್ಲ, ಕಂಪನಿಯ ಸ್ವತ್ತು ಎಂದೇ ಬರೆದಿರುತ್ತದೆ. ನನ್ನ ಮನೆಯಾಕೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. “ಹೋಗಲಿ ಬಿಡಿ, ಸಾಮಾನ್ಯ ಸೀಟಿನಲ್ಲೇ ಹೋಗುತ್ತೇನೆ” ಎಂದು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕುಳಿತಳು.

ಉಳಿದ 92,000 ಅಂಕಗಳನ್ನು ಹಿಡಿದುಕೊಂಡು ಮುಂದಿನ ಎರಡು ತಿಂಗಳು ನಾನು ಈ ಯೋಜನೆಗಳ ಕೋಷ್ಟಕಗಳನ್ನು ಓದಿದ್ದೇ ಓದಿದ್ದು. ಕಾಲೇಜಿನಲ್ಲಿ ಅಷ್ಟು ಓದಿದ್ದರೆ ರ್‍ಯಾಂಕು ಬರುತ್ತಿತ್ತು.

ಮೊದಲು ನೋಡಬೇಕಾದದ್ದು, ಯೋಜನೆ ತನ್ನ ದರವನ್ನು ಬರೆದು ತೋರಿಸುತ್ತದೆಯೋ ಇಲ್ಲವೋ ಎಂಬುದು. ಹಿಂದೆ ಎಲ್ಲರೂ ಕೋಷ್ಟಕ ಪ್ರಕಟಿಸುತ್ತಿದ್ದರು: ಈ ಖಂಡದಿಂದ ಆ ಖಂಡಕ್ಕೆ ಇಷ್ಟು ಮೈಲಿ ಎಂದು. ಡೆಲ್ಟಾ ಕಂಪನಿ 2015ರಲ್ಲಿ ತನ್ನ ಕೋಷ್ಟಕವನ್ನು ತೆಗೆದುಹಾಕಿತು. ಯುನೈಟೆಡ್ 2019ರಲ್ಲಿ ಸ್ವಂತ ವಿಮಾನಗಳ ಕೋಷ್ಟಕವನ್ನೂ, 2020ರ ಏಪ್ರಿಲಿನಲ್ಲಿ ಪಾಲುದಾರರ ಕೋಷ್ಟಕವನ್ನೂ ಕೈಬಿಟ್ಟಿತು. ಅಲ್ಲಿ ಈಗ ದರವೆಂಬುದು ಗುಂಡಿ ಒತ್ತಿದಾಗ ಕಂಡದ್ದೇ ಸರಿ. ಬೆಳಗ್ಗೆ ಒಂದು, ಸಂಜೆ ಒಂದು. ತರಕಾರಿ ಅಂಗಡಿಯವನಾದರೂ ಚೌಕಾಸಿಗೆ ಒಪ್ಪುತ್ತಾನೆ. ಯುನೈಟೆಡ್ಡಿನ ಒಂದು ಗುಣವನ್ನು ಮಾತ್ರ ಹೇಳಬೇಕು: 2019ರಿಂದ ಅದರ ಮೈಲಿಗಳಿಗೆ ಅವಧಿ ಮುಗಿಯುವುದೆಂಬುದಿಲ್ಲ.

ಏರ್ ಕೆನಡಾದ ಏರೋಪ್ಲಾನ್ 2020ರ ನವೆಂಬರಿನಲ್ಲಿ ಹೊಸ ರೂಪ ತಾಳಿದಾಗ ಪಾಲುದಾರರ ವಿಮಾನಗಳಿಗೆ ಕೋಷ್ಟಕವನ್ನು ಉಳಿಸಿಕೊಂಡಿತು. ದರ ನಿಂತಿರುವುದು ಹಾರುವ ದೂರದ ಮೇಲೆ. ಇದು ನಮ್ಮ ಊರಿನವರಿಗೆ ಬಹಳ ಮುಖ್ಯವಾದ ಸಂಗತಿಯಾದುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಉತ್ತರ ಅಮೆರಿಕಕ್ಕೂ, ಯುರೋಪು ಭಾರತಗಳೆಲ್ಲ ಸೇರಿದ ವಲಯಕ್ಕೂ ನಡುವೆ ಬಿಸಿನೆಸ್ ದರ್ಜೆಯ ಒಂದು ಕಡೆಯ ಪ್ರಯಾಣಕ್ಕೆ ಆಗ ನಿಗದಿಯಾದ ದರ ಹೀಗೆ: ದೂರ 6,001ರಿಂದ 8,000 ಮೈಲಿಯೊಳಗಿದ್ದರೆ 85,000 ಅಂಕ, 8,000 ದಾಟಿದರೆ 1,00,000. ಅಂಕಿಗಳು ಅಲ್ಲಿಂದೀಚೆಗೆ ಬದಲಾದುದುಂಟು; ಮೆಟ್ಟಿಲುಗಳ ಕ್ರಮ ಅದೇ. ಇನ್ನು ಭೂಪಟ ನೋಡಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಸುಮಾರು 4,600 ಮೈಲಿ, ಅಲ್ಲಿಂದ ಟೊರಾಂಟೋಗೆ 3,940. ಒಟ್ಟು 8,540. ದಿಲ್ಲಿಯ ಮೇಲೆ ಹೋದರೂ, ಬೆಂಗಳೂರು ದಿಲ್ಲಿ 1,060, ದಿಲ್ಲಿ ಟೊರಾಂಟೋ 7,230, ಒಟ್ಟು 8,290. ಎರಡೂ ಮೇಲಿನ ಮೆಟ್ಟಿಲೇ. ಆದರೆ ದಿಲ್ಲಿಯಿಂದಲೇ ಹೊರಟರೆ? 7,230 ಮೈಲಿ, ಒಂದು ಮೆಟ್ಟಿಲು ಕೆಳಗೆ! ನನ್ನಲ್ಲಿದ್ದ 92,000 ಅಂಕಗಳಿಗೆ ಬೆಂಗಳೂರು ಎಟುಕುತ್ತಿರಲಿಲ್ಲ, ದಿಲ್ಲಿ ಎಟುಕುತ್ತಿತ್ತು. ಈ ಲೆಕ್ಕ ಹೊಳೆದ ರಾತ್ರಿ ನಾನು ಹನ್ನೊಂದು ಗಂಟೆಗೆ ಮನೆಯಾಕೆಯನ್ನು ಎಬ್ಬಿಸಿ ಹೇಳಿದೆ. ಅವಳು “ಬೆಳಗ್ಗೆ ಹೇಳಬಹುದಿತ್ತು” ಎಂದು ಮಗ್ಗುಲು ಬದಲಿಸಿದಳು.

ಎರಡನೆಯದಾಗಿ, ಪುಕ್ಕಟೆ ಎಂಬ ಶಬ್ದವನ್ನು ನಂಬಬಾರದು. ಬಹುಮಾನದ ಟಿಕೆಟ್ಟಿಗೂ ಸರ್ಕಾರದ ತೆರಿಗೆ, ನಿಲ್ದಾಣದ ಶುಲ್ಕಗಳನ್ನು ನಾವೇ ಕೊಡಬೇಕು, ಅದು ನ್ಯಾಯ. ಇದರ ಜೊತೆಗೆ ಅನೇಕ ಕಂಪನಿಗಳು ಇಂಧನದ ನೆಪ ಹೇಳಿ ಹೆಚ್ಚುವರಿ ಶುಲ್ಕವೊಂದನ್ನು ಸೇರಿಸುತ್ತವೆ. ಬ್ರಿಟಿಷ್ ಏರ್‌ವೇಸ್, ಲುಫ್ತಾನ್ಸಾ ಮೊದಲಾದವರ ದೂರದ ಹಾರಾಟಗಳಲ್ಲಿ ಇದು ಹತ್ತಾರು ಸಾವಿರ ರೂಪಾಯಿಗಳಾಗುವುದುಂಟು. ಇಲ್ಲಿಯೇ ಯೋಜನೆ ಯೋಜನೆಗಳಿಗೆ ಅಜಗಜಾಂತರ. ಒಂದೇ ಲುಫ್ತಾನ್ಸಾ ವಿಮಾನದ ಒಂದೇ ಆಸನ: ಕ್ರಿಸ್‌ಫ್ಲೈಯರ್ ಮೂಲಕವಾಗಲಿ ಜಪಾನಿನ ಎಎನ್‌ಎ ಮೂಲಕವಾಗಲಿ ಪಡೆದರೆ ಆ ಶುಲ್ಕ ನಿಮ್ಮ ತಲೆಗೆ ಬರುತ್ತದೆ, ಏರೋಪ್ಲಾನ್ ಅಥವಾ ಯುನೈಟೆಡ್ ಮೂಲಕ ಪಡೆದರೆ ಬರುವುದಿಲ್ಲ. ಏರೋಪ್ಲಾನ್ ಪಾಲುದಾರರ ಟಿಕೆಟ್ಟಿಗೆ 39 ಕೆನಡಾ ಡಾಲರುಗಳ ದಸ್ತೂರಿಯನ್ನಷ್ಟೇ ಗೊತ್ತುಮಾಡಿತು. ಆದುದರಿಂದ ಮೈಲಿ ಕಡಮೆ ಕೇಳುವ ಯೋಜನೆಯೇ ಅಗ್ಗವೆಂದು ತಿಳಿಯುವುದು ದೊಡ್ಡ ತಪ್ಪು. ಕೊನೆಯ ಪುಟದ ರೂಪಾಯಿಯ ಮೊತ್ತವನ್ನು ನೋಡುವ ತನಕ ಅಗ್ಗ ದುಬಾರಿಗಳ ಮಾತೇ ಎತ್ತಬಾರದು.

ಲಂಡನ್ನಿನ ಮೇಲೆ ಬರುವವರು ಇನ್ನೊಂದನ್ನು ತಿಳಿದಿರಬೇಕು. ವಿಮಾನ ಬದಲಿಸುವುದಕ್ಕಷ್ಟೇ 24 ಗಂಟೆಯೊಳಗೆ ನಿಂತರೆ ಬ್ರಿಟಿಷ್ ಸರ್ಕಾರದ ನಿರ್ಗಮನ ತೆರಿಗೆ ಬೀಳುವುದಿಲ್ಲ. ದಾರಿಯಲ್ಲಿ ತಂಗಿಯ ಮನೆಯಲ್ಲಿ ಮೂರು ದಿನ ಇದ್ದು ಬರೋಣವೆಂದಿರೋ, ಬಿಸಿನೆಸ್ ದರ್ಜೆಗೆ ಅದರ ಮೇಲಿನ ದರವೇ ಅನ್ವಯಿಸುತ್ತದೆ. ತಂಗಿಯ ಮನೆಯ ಊಟ ಅಷ್ಟರಮಟ್ಟಿಗೆ ತುಟ್ಟಿ.

ಬ್ರಿಟಿಷ್ ಏರ್‌ವೇಸಿನ ಅಂಕಗಳಿಗೆ ಏವಿಯಾಸ್ ಎಂದು ಹೆಸರು. ಕತಾರ್ ಏರ್‌ವೇಸ್ ಕೂಡ 2022ರಲ್ಲಿ ಅದೇ ನಾಣ್ಯವನ್ನು ತನ್ನದಾಗಿಸಿಕೊಂಡಿತು. ಇಬ್ಬರ ಖಾತೆಗಳ ನಡುವೆ ಸಾಗಿಸಲೂಬಹುದು. ಪಾಲುದಾರರ ವಿಮಾನಗಳಲ್ಲಿ ಬ್ರಿಟಿಷ್ ಏರ್‌ವೇಸ್ ಒಂದೊಂದು ಹಾರಾಟಕ್ಕೂ ಅದರದರ ದೂರಕ್ಕೆ ತಕ್ಕಂತೆ ಬೇರೆಬೇರೆಯಾಗಿ ಅಂಕ ಎಣಿಸುತ್ತದೆ. ಒಂದೇ ನೆಗೆತದ ಸಣ್ಣ ಪ್ರಯಾಣಕ್ಕೆ ಇದು ಸೊಗಸು. ಎರಡು ಮೂರು ಕಡೆ ವಿಮಾನ ಬದಲಿಸಿ ಹೋಗುವ ನಮ್ಮಂಥವರಿಗೆ ಲೆಕ್ಕ ಬೆಟ್ಟವಾಗುತ್ತದೆ. ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂ ಕಂಪನಿಗಳ ಫ್ಲೈಯಿಂಗ್ ಬ್ಲೂ ದರಗಳು ತಿಂಗಳಿಗೊಂದು ಬಗೆ. ಅದೃಷ್ಟವಿದ್ದರೆ ಒಳ್ಳೆಯ ರಿಯಾಯಿತಿ ಸಿಗುತ್ತದೆ. ದಿನ ಗೊತ್ತಿರುವವನಿಗೆ ಅದೃಷ್ಟ ಸಾಲದು.

ಮೂರನೆಯ ವಿಷಯವೇ ನಮ್ಮ ಸಂಸಾರಗಳಿಗೆ ಎಲ್ಲಕ್ಕಿಂತ ಹತ್ತಿರದ್ದು: ನಿಮ್ಮ ಮೈಲಿಯಲ್ಲಿ ಯಾರು ಹೋಗಬಹುದು? ಏರೋಪ್ಲಾನಿನಲ್ಲಿ ಯಾರ ಹೆಸರಿಗೆ ಬೇಕಾದರೂ ಟಿಕೆಟ್ಟು ಪಡೆಯಬಹುದು. ಎಂಟು ಮಂದಿಯ ತನಕ ಒಂದು ಕುಟುಂಬವಾಗಿ ಅಂಕಗಳನ್ನು ಒಟ್ಟುಗೂಡಿಸಲೂಬಹುದು. ನಮ್ಮ ಅವಿಭಕ್ತ ಕುಟುಂಬವನ್ನು ಕೆನಡಾದವರು ಕಂಡುಹಿಡಿದ ಹಾಗಾಯಿತು. ಕ್ರಿಸ್‌ಫ್ಲೈಯರಿನಲ್ಲಿ ಐದು ಮಂದಿ ಹೆಸರು ಕೊಡಬಹುದು. ಎಎನ್‌ಎ ಬಹಳ ಮಡಿವಂತ: ಎರಡನೆಯ ಹಂತದ ನೆಂಟಸ್ತನದೊಳಗಿನವರಿಗೆ ಮಾತ್ರ. ಅಂದರೆ ಹೆಂಡತಿ, ಮಕ್ಕಳು, ತಂದೆತಾಯಿ, ಅಜ್ಜ ಅಜ್ಜಿ, ಮೊಮ್ಮಕ್ಕಳು, ಒಡಹುಟ್ಟಿದವರು ಸರಿ. ಅಣ್ಣನ ಮಗನಿಗೆ, ತಂಗಿಯ ಮಗಳಿಗೆ ಇಲ್ಲ. ಸೋದರಳಿಯನನ್ನು ಮಗನಿಗಿಂತ ಹೆಚ್ಚೆಂದು ಎಣಿಸುವ ನಮ್ಮಲ್ಲಿ ಈ ಕಟ್ಟಳೆ ಮನೆಯೊಳಗೆ ಜಗಳ ತರಬಹುದು.

ಅಂಕಗಳಿಗೂ ಆಯುಸ್ಸುಂಟು. ಕ್ರಿಸ್‌ಫ್ಲೈಯರ್ ಮೈಲಿ ಹುಟ್ಟಿದ 36 ತಿಂಗಳಿಗೆ ಸಾಯುತ್ತದೆ, ನೀವು ಎಷ್ಟು ಓಡಾಡಿದರೂ ಸರಿ. ಏರೋಪ್ಲಾನಿನಲ್ಲಿ 18 ತಿಂಗಳು ಖಾತೆ ಅಲುಗಾಡದಿದ್ದರೆ ಹೋಗುತ್ತದೆ. ಏವಿಯಾಸಿಗೆ ಆ ಗಡುವು 36 ತಿಂಗಳು.

ಯೋಜನೆಯೇ ಸತ್ತರೆ ಏನು ಗತಿ ಎಂದು ಕೇಳುವವರಿಗೆ ನಮ್ಮೂರಿನ ಉದಾಹರಣೆಯೇ ಇದೆ. ಬೆಂಗಳೂರಿನ ಕಿಂಗ್‌ಫಿಷರ್ ಕಂಪನಿ ಒನ್‌ವರ್ಲ್ಡ್ ಕೂಟವನ್ನು ಸೇರುವ ಹೊಸ್ತಿಲಲ್ಲಿ 2012ರ ಫೆಬ್ರವರಿಯಲ್ಲಿ ತಡೆಯಲ್ಪಟ್ಟಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅದರ ಹಾರಾಟವೇ ನಿಂತಿತು. ಲಂಡನ್ನಿಗೋ ಹಾಂಗ್‌ಕಾಂಗಿಗೋ ಪಾಲುದಾರರ ವಿಮಾನದಲ್ಲಿ ಹೋಗುವ ಕನಸಿನಿಂದ ಅಂಕ ಕೂಡಿಟ್ಟವರು ನನ್ನ ಪರಿಚಯಸ್ಥರಲ್ಲೇ ಹಲವರಿದ್ದರು. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ನಿಂತಾಗ ಅದರ ಅಂಕಯೋಜನೆ ಬೇರೆ ಕಂಪನಿಯಾಗಿದ್ದುದರಿಂದ ಬೇರೊಂದು ಹೆಸರಿನಲ್ಲಿ ಬದುಕಿತು. ಹಾರುವುದಕ್ಕೆ ಜೆಟ್ಟಿನ ವಿಮಾನಗಳೇ ಇರಲಿಲ್ಲ. ಏರ್ ಇಂಡಿಯಾದ ಯೋಜನೆ ಮಾತ್ರ 2022ರಲ್ಲಿ ಟಾಟಾ ಮನೆತನಕ್ಕೆ ಕಂಪನಿ ಮರಳಿದ ಮೇಲೆ ಚೇತರಿಸಿಕೊಂಡು, 2024ರಲ್ಲಿ ವಿಸ್ತಾರಾ ವಿಲೀನವಾದಾಗ ‘ಮಹಾರಾಜ ಕ್ಲಬ್’ ಎಂಬ ಹೆಸರು ಪಡೆಯಿತು. 1946ರಲ್ಲಿ ಬಾಬಿ ಕೂಕಾ ಮತ್ತು ಚಿತ್ರಕಾರ ಉಮೇಶ ರಾಯರು ಸೃಷ್ಟಿಸಿದ ಆ ಮೀಸೆಯ ಮಹಾರಾಜನೇ ಇವನು. 2024ರಿಂದ ಅವನೂ ಹಾರಿದ ದೂರಕ್ಕಲ್ಲ, ತೆತ್ತ ರೂಪಾಯಿಗೆ ಅಂಕ ಕೊಡತೊಡಗಿದ್ದಾನೆ.

ಇನ್ನು ನಮ್ಮ ಕಥೆಗೆ ಬರೋಣ. ಎರಡನೆಯ ಸಲ ನಾನು ಬ್ಯಾಂಕಿನ ಅಂಕಗಳನ್ನು ಮುಟ್ಟಲೇ ಇಲ್ಲ. ಮೊದಲು ದಿಲ್ಲಿ ಟೊರಾಂಟೋ ಮಾರ್ಗವನ್ನು ದಿನವೂ ಬೆಳಗ್ಗೆ ಕಾಫಿಗೆ ಮುಂಚೆ ನೋಡುತ್ತಿದ್ದೆ. ಜನವರಿಯ ಕೊನೆಯಲ್ಲಿ ಒಂದು ಆಸನ ಕಂಡಿತು. ಆದರೆ ಅದು ಫೆಬ್ರವರಿ ಎರಡನೆಯ ವಾರದ್ದು, ನಾವು ಬಯಸಿದ್ದಕ್ಕಿಂತ ಹದಿನೈದು ದಿನ ಮೊದಲು. ಕಂಡದ್ದು ನಿಜದ ಜಿಂಕೆಯೇ ಎಂದು ಇನ್ನೊಂದು ಪಾಲುದಾರ ಯೋಜನೆಯ ಪುಟದಲ್ಲಿಯೂ ಪರೀಕ್ಷಿಸಿದೆ, ಅಲ್ಲಿಯೂ ಇತ್ತು. ಏರೋಪ್ಲಾನಿಗೆ ಅಳಿಯಂದಿರಿಂದ ದೂರವಾಣಿ ಮಾಡಿಸಿ ಕೇಳಿಸಿದೆ, ಅವರಿಗೂ ಕಾಣುತ್ತಿತ್ತು. ಆಮೇಲೆ ವರ್ಗಾಯಿಸಿದೆ. ಅಂಕಗಳು ತಲುಪಿದ್ದು ಮರುದಿನ ಮಧ್ಯಾಹ್ನ. ಆ ಹದಿನೆಂಟು ಗಂಟೆ ನನಗೆ ಊಟ ಸೇರಲಿಲ್ಲ. ಟಿಕೆಟ್ಟು ಬಂತು.

“ಹದಿನೈದು ದಿನ ಮೊದಲೇ ಹೋಗಿ ಏನು ಮಾಡಲಿ? ಇಲ್ಲಿ ಹಪ್ಪಳ ಹಾಕುವುದಿತ್ತು” ಎಂಬುದೊಂದೇ ಮನೆಯಾಕೆಯ ಆಕ್ಷೇಪ.

ದಿಲ್ಲಿಯಿಂದ ಹೊರಡುವ ಉಪಾಯದಲ್ಲಿ ಒಂದು ತೊಡಕುಂಟು, ಅದನ್ನು ಮುಚ್ಚಿಡಬಾರದು. ಬೆಂಗಳೂರು ದಿಲ್ಲಿ ಟಿಕೆಟ್ಟು ಬೇರೆ, ದಿಲ್ಲಿ ಟೊರಾಂಟೋ ಟಿಕೆಟ್ಟು ಬೇರೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಆದುದರಿಂದ ಒಂದು ದಿನ ಮುಂಚೆಯೇ ಹೋಗಿ ಷಡ್ಡಕರ ಮನೆಯಲ್ಲಿ ಉಳಿದುಕೊಂಡೆವು. ಸಾಮಾನಿನ ವಿಷಯವನ್ನು ಮಾತ್ರ ನಾನು ಯೋಚಿಸಿರಲೇ ಇಲ್ಲ. ಬಿಸಿನೆಸ್ ದರ್ಜೆಯವರಿಗೆ 32 ಕಿಲೋಗಳ ಎರಡು ಪೆಟ್ಟಿಗೆಗಳಿಗೆ ಅವಕಾಶವಿತ್ತು. ದೇಶದೊಳಗಿನ ಸಾಮಾನ್ಯ ಟಿಕೆಟ್ಟಿಗೆ 15 ಕಿಲೋ. ಅಂಟಿನುಂಡೆ, ಬಾಣಂತಿ ಲೇಹ್ಯ, ಸಾರಿನಪುಡಿ, ಹಳೆಯ ಮೆತ್ತನೆಯ ಸೀರೆಗಳು, ಒಂದು ಒರಳುಕಲ್ಲು. ಹೌದು, ಒರಳುಕಲ್ಲು. ಇಷ್ಟನ್ನೂ ದಿಲ್ಲಿಯ ತನಕ ಸಾಗಿಸಲು ಬೆಂಗಳೂರಿನ ನಿಲ್ದಾಣದಲ್ಲಿ ನಾನು ಕೊಟ್ಟ ಹೆಚ್ಚಿನ ಹಣದಲ್ಲಿ ಇನ್ನೊಬ್ಬರು ದಿಲ್ಲಿಗೆ ಹೋಗಿಬರಬಹುದಿತ್ತು. ಪುಕ್ಕಟೆ ಟಿಕೆಟ್ಟಿನ ಲೆಕ್ಕಕ್ಕೆ ಅದನ್ನೂ ಬರೆದುಕೊಂಡೆ.

ಅವಳು ಹದಿನಾಲ್ಕು ಗಂಟೆಗೂ ಮೀರಿದ ಆ ಪ್ರಯಾಣವನ್ನು ಕಾಲು ಚಾಚಿ ಮುಗಿಸಿದಳು. ಪೂರ್ತಿಯಾಗಿ ಅಲ್ಲ, ಆಸನವನ್ನು ಹಾಸಿಗೆಯಾಗಿ ಮಾಡುವ ಗುಂಡಿ ಯಾವುದೆಂದು ತಿಳಿಯದೆ, ಕೇಳಲು ನಾಚಿಕೊಂಡು ಮೊದಲ ನಾಲ್ಕು ಗಂಟೆ ನೆಟ್ಟಗೆ ಕುಳಿತೇ ಇದ್ದಳಂತೆ. ಟೊರಾಂಟೋದಲ್ಲಿ ಇಳಿದಾಗ ಕಾಲು ಊದಿರಲಿಲ್ಲ. ಮಗು ಡಾಕ್ಟರ ಲೆಕ್ಕವನ್ನು ಲೆಕ್ಕಿಸದೆ ಫೆಬ್ರವರಿ ಕೊನೆಯ ವಾರದಲ್ಲೇ ಹುಟ್ಟಿತು. ನಾನು ಮೊದಲು ಹಿಡಿಯಹೊರಟಿದ್ದ ಆ ಮಾಯಾ ಆಸನದಲ್ಲಿ ಅವಳು ಹೊರಟಿದ್ದರೆ, ಆಗ ಇನ್ನೂ ಆಕಾಶದಲ್ಲಿರುತ್ತಿದ್ದಳು.

ಮೊದಲ ಯೋಜನೆಯಲ್ಲಿ ಸಿಕ್ಕಿಬಿದ್ದ ಒಂದು ಲಕ್ಷ ಅಂಕಗಳಲ್ಲಿ ಕೆಲವು ಅವಧಿ ಮುಗಿಯುವುದರೊಳಗೆ ನನ್ನ ತಮ್ಮನ ಮಗ ಯುರೋಪಿನಿಂದ ಬರಲು ಉಪಯೋಗವಾದವು. ಅಲ್ಲಿ ನೆಂಟಸ್ತನದ ಕಟ್ಟಳೆ ಇರಲಿಲ್ಲವೆಂಬುದೇ ಪುಣ್ಯ.

2024ರ ಬೇಸಿಗೆಯಲ್ಲಿ ಮೊಮ್ಮಗನ ಜಾವಳಕ್ಕೆ ಮಗಳು ಅಳಿಯ ಬಂದರು. ಎರಡು ವರ್ಷ ತುಂಬದ ಮಗುವಿಗೆ ಆಸನ ಬೇಡ, ಮಡಿಲಲ್ಲಿ ಕೂರಿಸಿಕೊಂಡರೆ ಸಾಕು. ಆದರೆ ಅನೇಕ ಯೋಜನೆಗಳಲ್ಲಿ ಮಡಿಲ ಮಗುವಿಗೆ ದೊಡ್ಡವರ ಹಣದ ಟಿಕೆಟ್ಟಿನ ಶೇಕಡ ಹತ್ತರಷ್ಟನ್ನು ರೊಕ್ಕವಾಗಿಯೇ ಕೇಳುತ್ತಾರೆ. ಬಿಸಿನೆಸ್ ದರ್ಜೆಯ ಶೇಕಡ ಹತ್ತೆಂದರೆ ದೊಡ್ಡವರ ಸಾಮಾನ್ಯ ಟಿಕೆಟ್ಟಿನ ಹತ್ತಿರಕ್ಕೇ ಹೋಗುವುದುಂಟು. ತಾಯಿ ತಂದೆಯರ ಟಿಕೆಟ್ಟು ಮೈಲಿಯಲ್ಲಿ, ಎಂಟು ಕಿಲೋ ತೂಕದ ಮಗುವಿನದು ಹಣದಲ್ಲಿ! ಅವರು ಸಾಮಾನ್ಯ ದರ್ಜೆಯಲ್ಲೇ ಬಂದರು. ಈಗ ಅವನಿಗೆ ಎರಡು ತುಂಬಿದೆ. ಇನ್ನು ಮುಂದೆ ಅವನಿಗೂ ಪೂರ್ತಿ ಆಸನ, ಪೂರ್ತಿ ಮೈಲಿ. ಅಳಿಯಂದಿರು ಅವನ ಹೆಸರಿನಲ್ಲಿ ಖಾತೆಯೊಂದನ್ನು ತೆರೆದು ಕುಟುಂಬದ ಲೆಕ್ಕಕ್ಕೆ ಸೇರಿಸಿದ್ದಾರೆ. ಮೊನ್ನೆ ದೂರವಾಣಿಯಲ್ಲಿ ಅಜ್ಜಿ ಅವನನ್ನು, “ಯಾವಾಗ ಬರುತ್ತೀಯೋ ಮರಿ?” ಎಂದು ಕೇಳಿದಳು. ಅವನಿಗೆ ಅರ್ಥವಾಗಲಿಲ್ಲ. ನಾನು ಎದ್ದುಹೋಗಿ ಮುಂದಿನ ಏಪ್ರಿಲಿನ ಪುಟ ತೆರೆದು ನೋಡಿದೆ. ಬುಟ್ಟಿ ಖಾಲಿಯಾಗಿತ್ತು. ನಾಳೆ ಬೆಳಗ್ಗೆ ಮತ್ತೆ ನೋಡಬೇಕು.